ಕೈಮೇಲೆ ಕಪ್ಪು ಗೆರೆ, ಬಿಸಿನೀರು ತಾಗಿದರೆ ಉರಿ: ಕಾರಣ ಏನಿರಬಹುದು?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಮೈಸೂರಿನ ಸರಸ್ವತಿಪುರಂನಲ್ಲಿ ಮನೆ. ಸಕ್ಕರೆ ಕಾಯಿಲೆಗೆ 7 ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಿದ್ದೇನೆ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ರಾಮನವಮಿ ಕಳೆದ ಎರಡು ದಿನಕ್ಕೆ ಎರಡೂ ಕೈ ಹಿಂಭಾಗ ಉರಿಯೋಕೆ ಶುರುವಾಯಿತು. ಕೆಂಪಾಯಿತು, ಎಡಗೈಯಲ್ಲಿ ಎರಡು ಸಣ್ಣ ನೀರುಗುಳ್ಳೆ ಎದ್ದವು. ವಾರ ಕಳೆಯುವಷ್ಟರಲ್ಲಿ ಅಲ್ಲೆಲ್ಲ ಕಪ್ಪು. ದುಂಡು ಮಚ್ಚೆ ಅಲ್ಲ, ನೀರು ಇಳಿದ ಹಾಗೆ ಗೆರೆ ಗೆರೆ, ಮಣಿಕಟ್ಟಿನವರೆಗೂ. ಬೆರಳ ಗೆಣ್ಣುಗಳು ಒಂದು ವರ್ಷದಿಂದಲೇ ಕಪ್ಪಾಗಿದ್ದವು, ವಯಸ್ಸಾಯಿತಲ್ಲ ಅಂತ ಸುಮ್ಮನಿದ್ದೆ. ಕಪ್ಪು ಹೋಗಲಿ ಅಂತ ದಿನಾ ನಿಂಬೆ ಹೋಳಿಗೆ ಸಕ್ಕರೆ ಹಾಕಿ ಉಜ್ಜಿದೆ. ಮೆಡಿಕಲ್ ಸ್ಟೋರ್‌ನಲ್ಲಿ ಕೊಟ್ಟ ಟ್ಯೂಬ್ 10 ದಿನ ಹಚ್ಚಿದೆ. ಉರಿ ಕಡಿಮೆಯಾಗಿ ಮತ್ತೆ ಬಂತು. ಈಗ ಬಿಸಿನೀರು, ಹಸಿಮೆಣಸಿನಕಾಯಿ, ಪಾತ್ರೆ ಸೋಪು ಯಾವುದು ತಾಗಿದರೂ ಆಗುತ್ತಿಲ್ಲ. ರಾತ್ರಿ ಕೈ ಜೋಮು ಹಿಡಿಯುತ್ತದೆ. ಅಲ್ಲಲ್ಲಿ ಸ್ವಲ್ಪ ಬೆಳ್ಳಗೂ ಕಾಣುತ್ತಿದೆ. ಪಕ್ಕದ ಮನೆಯವರು ತೊನ್ನು ಇರಬಹುದು ಅಂದರು. ನಮ್ಮ ಅತ್ತೆ ಬಾಯಿಬಿಟ್ಟು ಹೇಳದಿದ್ದರೂ ಇನ್ನೂ ದೊಡ್ಡದನ್ನು ಯೋಚಿಸುತ್ತಿದ್ದಾರೆ. ಒಂದೂವರೆ ತಿಂಗಳಿಗೆ ಮಗಳ ನಿಶ್ಚಿತಾರ್ಥ. ಅಷ್ಟರಲ್ಲಿ ಹೋಗುತ್ತದೆಯೇ? ಮೆಹಂದಿ ಹಾಕಿಸಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಒಂದೇ ಕಾಯಿಲೆ ಅನ್ನಿಸಿತು. ಎರಡನೇ ಸಲ ಓದುವಾಗ, ನಿಮ್ಮ ಕೈಮೇಲೆ ಮೂರು ಬೇರೆ ಬೇರೆ ವಿಷಯ ಒಂದರ ಮೇಲೊಂದು ಕೂತಿವೆ ಅಂತ ಅನ್ನಿಸಿತು. ಗೆರೆಗಳ ಕಪ್ಪು ಹೊಸದು. ಗೆಣ್ಣಿನ ಕಪ್ಪು ಹಳೆಯದು. ಈಗಿನ ಉರಿ ಇವೆರಡರ ಮಧ್ಯೆ ನೀವೇ ತಂದುಕೊಂಡದ್ದು, ಬೇಜಾರು ಮಾಡಿಕೊಳ್ಳಬೇಡಿ. ಕೈ ನೋಡದೆ ಹೇಳುತ್ತಿರುವ ಮಾತಿದು, ಹಾಗಾಗಿ ಕೊನೆಗೆ ಒಬ್ಬ ಚರ್ಮದ ಡಾಕ್ಟರ ಎದುರು ಕೈ ಚಾಚಲೇಬೇಕು. ಆದರೆ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ರಾಮನವಮಿ ದಿನ ನೀವು ಏನು ಮಾಡುತ್ತಿದ್ದಿರಿ?

ಪತ್ರದಲ್ಲಿ ಅದನ್ನು ಬರೆದಿಲ್ಲ. ಆದರೆ ಮೈಸೂರಿನಲ್ಲಿ ಆ ದಿನ ಬೀದಿಗೊಂದು ಪೆಂಡಾಲ್, ಪೆಂಡಾಲಿಗೊಂದು ಪಾನಕದ ಕೊಳಗ. ಬೆಲ್ಲ, ಏಲಕ್ಕಿ, ಶುಂಠಿ, ಜೊತೆಗೆ ಲೆಕ್ಕವಿಲ್ಲದಷ್ಟು ನಿಂಬೆಹಣ್ಣು. ಯಾರೋ ನಾಲ್ಕು ಜನ ಹೆಂಗಸರು ಕೂತು ಅವನ್ನೆಲ್ಲ ಹಿಂಡಿರುತ್ತಾರೆ. ಆಮೇಲೆ ಅದೇ ಕೈಯಲ್ಲಿ, ಸೆರಗಿಗೆ ಒರೆಸಿಕೊಂಡು, ಬಿಸಿಲಲ್ಲಿ ನಿಂತು ಲೋಟ ಹಂಚಿರುತ್ತಾರೆ. ಆ ನಾಲ್ವರಲ್ಲಿ ನೀವೂ ಒಬ್ಬರಾಗಿದ್ದರೆ ನನಗೆ ಆಶ್ಚರ್ಯವಿಲ್ಲ.

ನಿಂಬೆಹಣ್ಣಿನ ರಸದಲ್ಲಿ, ಅದಕ್ಕಿಂತ ಜಾಸ್ತಿ ಅದರ ಸಿಪ್ಪೆಯ ಎಣ್ಣೆಯಲ್ಲಿ, ಫ್ಯೂರೋಕೌಮರಿನ್ ಅನ್ನುವ ವಸ್ತುಗಳಿವೆ. ಇವು ನೆರಳಿನಲ್ಲಿ ಸಾಧು. ಅಡುಗೆಮನೆಯಲ್ಲಿ ದಿನಾ ನಿಂಬೆ ಹಿಂಡುತ್ತೀರಿ, ಏನೂ ಆಗುವುದಿಲ್ಲ. ಚರ್ಮದ ಮೇಲೆ ಉಳಿದು, ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಎ ಕಿರಣ ಬಿದ್ದರೆ ಮಾತ್ರ ಕೆರಳುತ್ತವೆ. ಚರ್ಮದ ಜೀವಕೋಶದ ಡಿಎನ್‌ಎಗೇ ಅಂಟಿಕೊಂಡು ಸುಡುತ್ತವೆ. ಬೆವರಿದ ಕೈಯಾದರೆ ಇನ್ನೂ ಜಾಸ್ತಿ ಒಳಗಿಳಿಯುತ್ತವೆ.

ಇದರ ಮೋಸ ಇರುವುದು ಸಮಯದಲ್ಲಿ. ಬಿಸಿಪಾತ್ರೆ ಮುಟ್ಟಿದರೆ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಮೊದಲ ದಿನ ಏನೂ ಇಲ್ಲ. ಸುಮಾರು 24 ಗಂಟೆ ಕಳೆದ ಮೇಲೆ ಕೆಂಪು, ಉರಿ. ಎರಡನೇ ಮೂರನೇ ದಿನ ಅದು ಏರಿ ನೀರುಗುಳ್ಳೆಯೂ ಬರಬಹುದು. ಒಂದೆರಡು ವಾರದಲ್ಲಿ ಕೆಂಪು ಇಳಿದು ಕಪ್ಪು ಉಳಿಯುತ್ತದೆ. ಅಷ್ಟು ಹೊತ್ತಿಗೆ ಪಾನಕ ಯಾರಿಗೂ ನೆನಪಿರುವುದಿಲ್ಲ. ನಿನ್ನೆ ತಿಂದ ಬದನೆಕಾಯಿ ಮೇಲೆ ಅನುಮಾನ, ಹೊಸ ಸೋಪಿನ ಮೇಲೆ ಅನುಮಾನ. ಇದು ಅಲರ್ಜಿಯೂ ಅಲ್ಲ. ಅಷ್ಟು ರಸ, ಅಷ್ಟು ಬಿಸಿಲು ಸಿಕ್ಕರೆ ಯಾರ ಕೈಗಾದರೂ ಆಗುತ್ತದೆ. ನಿಮ್ಮ ಜೊತೆ ಹಿಂಡಿದವರನ್ನು ಒಮ್ಮೆ ಕೇಳಿ ನೋಡಿ.

ನನ್ನ ಅನುಮಾನಕ್ಕೆ ದೊಡ್ಡ ಆಧಾರ ನೀವೇ ಬರೆದ ಮಾತು: ‘ನೀರು ಇಳಿದ ಹಾಗೆ ಗೆರೆ ಗೆರೆ.’ ದೇಹದ ಒಳಗಿನಿಂದ ಬರುವ ಯಾವ ಕಾಯಿಲೆಯೂ ಕೈಮೇಲೆ ರಸ ಸೋರಿದ ದಾರಿಯಲ್ಲೇ ಬರುವುದಿಲ್ಲ. ಚರ್ಮದ ಮೇಲೆ ನೇರವಾದ ಗೆರೆ, ಮೂಲೆ, ಹನಿ ಬಿದ್ದ ಗುರುತು ಕಂಡರೆ ಹೊರಗಿನಿಂದ ಏನೋ ತಾಗಿದೆ ಅಂತಲೇ ನಾವು ಮೊದಲು ಯೋಚಿಸುವುದು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹಲವು ವರ್ಷದ ಹಿಂದೆ ಮಂಡ್ಯದ ಕಡೆಯ ಒಬ್ಬರು ಬಂದರು, ಹೆದ್ದಾರಿ ಬದಿಯಲ್ಲಿ ಕಬ್ಬಿನ ಹಾಲಿನ ಗಾಡಿ ಇಟ್ಟವರು. ಎಡಗೈ ಹೆಬ್ಬೆರಳು, ತೋರುಬೆರಳು, ಅವೆರಡರ ನಡುವಿನ ಜಾಗ, ಅಲ್ಲಿಂದ ಮಣಿಕಟ್ಟಿನವರೆಗೆ ಕಪ್ಪು. ಬಲಗೈ ಚೆನ್ನಾಗಿಯೇ ಇತ್ತು. ಗ್ಲಾಸು ತೊಳೆಯುವ ಸೋಪು ಆಗುತ್ತಿಲ್ಲ ಅಂದುಕೊಂಡು ಎರಡು ತಿಂಗಳು ಸುಮ್ನೆ ಅಲರ್ಜಿ ಮಾತ್ರೆ, ಮುಲಾಮು ಕೊಟ್ಟೆ. ಒಂದು ಭಾನುವಾರ ಆ ದಾರಿಯಲ್ಲಿ ಹೋಗುವಾಗ ಅವರ ಗಾಡಿ ಕಂಡು ನಿಲ್ಲಿಸಿದೆ. ಅವರು ಕಬ್ಬನ್ನು ಮಡಚಿ, ಮಡಿಕೆಯ ಒಳಗೆ ಒಂದು ಚೂರು ಶುಂಠಿ, ಅರ್ಧ ನಿಂಬೆಹಣ್ಣು ಸಿಕ್ಕಿಸಿ, ಎಡಗೈಯಲ್ಲಿ ಅದುಮಿ ಹಿಡಿದು ಯಂತ್ರಕ್ಕೆ ಕೊಟ್ಟರು. ಬಲಗೈ ಯಂತ್ರದ ಚಕ್ರ ತಿರುಗಿಸುತ್ತಿತ್ತು. ನಿಂಬೆ ರಸ ಎಡ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿಯಿತು. ಕಪ್ಪು ಗೆರೆ ಇದ್ದದ್ದೂ ಅದೇ ದಾರಿಯಲ್ಲಿ. ಗಾಡಿಯ ಕೊಡೆಯ ನೆರಳು ಅವರ ತಲೆಗಿತ್ತು, ಕೈಗಿರಲಿಲ್ಲ. ಮಾತ್ರೆ ನಿಲ್ಲಿಸಿದೆ. ಕೊಡೆ ಒಂದು ಅಡಿ ಮುಂದಕ್ಕೆ ಸರಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು ಆಗಾಗ ಕೈ ತೊಳೆಯಲು ಹೇಳಿದೆ. ಕಬ್ಬಿನ ಹಾಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಅದೊಂದು ಮುಜುಗರ ಇವತ್ತಿಗೂ ಇದೆ.

ಆಮೇಲಿಂದ ಯಾರ ಕೈ ನೋಡಿದರೂ ನಾನು ಮೊದಲು ಕೇಳುವುದು ಎರಡೇ: ಯಾವ ಕೈಯಲ್ಲಿ ಏನು ಹಿಡಿಯುತ್ತೀರಿ? ಶುರುವಾಗುವ ಹಿಂದಿನ ಮೂರು ದಿನ ಏನು ಮಾಡಿದಿರಿ?

ಈಗ ನಿಮ್ಮ ಉಜ್ಜುವಿಕೆಗೆ ಬರೋಣ. ನಿಂಬೆ ಮತ್ತು ಬಿಸಿಲು ಸೇರಿ ಮಾಡಿದ ಕಪ್ಪನ್ನು ಅದೇ ನಿಂಬೆಯಿಂದ ಉಜ್ಜಿ ತೆಗೆಯಲು ಹೋದಿರಿ. ಉಜ್ಜಿದ ಮೇಲೆ ಚೆನ್ನಾಗಿ ತೊಳೆದಿರಾ, ಹಾಗೇ ಬಟ್ಟೆ ಒಣಗಿಸಲು ತಾರಸಿಗೆ ಹೋದಿರಾ? ಹೋಗಿದ್ದರೆ ಕಪ್ಪಿಗೆ ಇನ್ನೊಂದು ಪದರ ಬಳಿದ ಹಾಗಾಯಿತು. ಮೊಣಕೈ, ಗೆಣ್ಣು ಕಪ್ಪಾದರೆ ನಿಂಬೆ ಉಜ್ಜಿ ಅನ್ನುವ ಸಲಹೆ ಎಲ್ಲರ ಬಾಯಲ್ಲೂ ಇದೆ. ನನಗಂತೂ ಅದು ಇಷ್ಟವಿಲ್ಲ. ಹುಳಿ ಚರ್ಮವನ್ನು ಚುಚ್ಚುತ್ತದೆ, ಸಕ್ಕರೆ ಹರಳು ಗೀಚುತ್ತದೆ. ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದ ಸ್ವಭಾವ ಏನೆಂದರೆ, ಎಲ್ಲಿ ಗೀಚಿದರೂ ಅದು ಕಪ್ಪಾಗಿ ಉತ್ತರ ಕೊಡುತ್ತದೆ.

ಕಪ್ಪು ಯಾಕೆ ಬೇಗ ಹೋಗುವುದಿಲ್ಲ ಅನ್ನುವುದಕ್ಕೆ ನಮ್ಮೂರಿನದೇ ಒಂದು ಉದಾಹರಣೆ ಇದೆ. ಮತ ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ಆ ಶಾಯಿ ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲ್ಪದರದಲ್ಲಿ ಸೇರಿಕೊಂಡು, ಬೆಳಕು ಬಿದ್ದ ಹಾಗೆ ಕಪ್ಪಾಗುತ್ತದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆ ಪದರ ತಾನಾಗಿ ಉದುರಿದಾಗ ಹೋಗುತ್ತದೆ. ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸುವವರೆಗೂ ಇರುತ್ತದೆ. ನಿಮ್ಮ ಕಪ್ಪು ಹೊರಗಿನ ಶಾಯಿಯಲ್ಲ, ಚರ್ಮ ತಾನೇ ಮಾಡಿದ ಬಣ್ಣ. ಆದರೂ ಹೋಗುವ ದಾರಿ ಅದೇ. ಮೇಲ್ಪದರ ಪೂರ್ತಿ ಬದಲಾಗಲು ಸುಮಾರು ಒಂದು ತಿಂಗಳು ಬೇಕು, ವಯಸ್ಸಾದಂತೆ ಇನ್ನೂ ನಿಧಾನ. ಬಣ್ಣ ಕೆಳಪದರಕ್ಕೆ ಇಳಿದಿದ್ದರೆ ಹಲವು ತಿಂಗಳು.

ಇನ್ನು ಆ ಟ್ಯೂಬ್. ಹೆಸರು ಬರೆದಿಲ್ಲ, ಆದರೆ ನಡೆದದ್ದು ನೋಡಿದರೆ ಊಹಿಸಬಲ್ಲೆ. ‘ಚರ್ಮಕ್ಕೆ ಒಂದು ಟ್ಯೂಬ್ ಕೊಡಿ’ ಅಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ಜೋರಾದ ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಕಲಸಿದ್ದು. ಸ್ಟೀರಾಯ್ಡ್ ಉರಿಯನ್ನು ಎರಡೇ ದಿನದಲ್ಲಿ ಮುಚ್ಚಿಡುತ್ತದೆ. ನಿಲ್ಲಿಸಿದರೆ ಮತ್ತೆ ಬರುತ್ತದೆ. ಜೊತೆಗೆ ಚರ್ಮ ತೆಳುವಾಗುತ್ತದೆ, ಹಚ್ಚಿದ ಜಾಗ ಬಿಳಿಚಿಕೊಳ್ಳುತ್ತದೆ. ನಿಮ್ಮ ಕೈಯಲ್ಲಿ ಅಲ್ಲಲ್ಲಿ ಕಾಣುವ ಮಾಸಲು ಬಿಳುಪು ಇದರದ್ದೇ ಇರಬಹುದು, ಇಲ್ಲವೇ ಗುಳ್ಳೆ ಒಣಗಿದ ಜಾಗದ್ದಿರಬಹುದು. ಎರಡೂ ತಾನಾಗಿ ತುಂಬಿಕೊಳ್ಳುವಂಥವು. ಸ್ಟೀರಾಯ್ಡ್ ಕೆಟ್ಟದ್ದಲ್ಲ, ನಾನೂ ದಿನಾ ಬರೆಯುತ್ತೇನೆ. ಯಾವುದು, ಎಷ್ಟು ದಿನ, ಎಲ್ಲಿಗೆ ಅನ್ನುವುದನ್ನು ಅಂಗಡಿಯ ಹುಡುಗ ಹೇಳಬಾರದು ಅಷ್ಟೇ.

ಹೀಗೆ ಸುಟ್ಟ ಚರ್ಮವನ್ನು ಉಜ್ಜಿ, ಮುಲಾಮು ಹಚ್ಚಿ, ಮತ್ತೆ ದಿನಕ್ಕೆ ಹತ್ತು ಸಲ ಸೋಪು ನೀರಿಗೆ ಹಾಕಿದಿರಿ. ಚರ್ಮದ ಮೇಲಿನ ಎಣ್ಣೆಯ ಗೋಡೆ ಒಡೆದಿದೆ. ಚರ್ಮ ಸ್ವಲ್ಪ ಹುಳಿ ಗುಣದ್ದು, ಬಟ್ಟೆ ಸೋಪು, ಪಾತ್ರೆ ಸೋಪು ಅದಕ್ಕೆ ತದ್ವಿರುದ್ಧ ಕ್ಷಾರ. ಗೋಡೆ ಒಡೆದ ಮೇಲೆ ಹಸಿಮೆಣಸಿನಕಾಯಿಯ ಖಾರ, ಬಿಸಿನೀರು ನೇರವಾಗಿ ನರದ ತುದಿಗೇ ತಾಗುತ್ತದೆ. ಯಾವುದು ತಾಗಿದರೂ ಆಗುತ್ತಿಲ್ಲ ಅಂದಿರಲ್ಲ, ಆ ಉರಿಯ ಬಹುಪಾಲು ಇದೇ ಇರಬೇಕು.

ಗೆಣ್ಣಿನ ಕಪ್ಪಿನ ಕಥೆ ಬೇರೆ. ನನಗೆ ನಿಂಬೆಗಿಂತ ಇದೇ ಜಾಸ್ತಿ ಮುಖ್ಯ.

ಒಂದು ವರ್ಷದಿಂದ ನಿಧಾನವಾಗಿ, ಎರಡೂ ಕೈಯಲ್ಲಿ ಒಂದೇ ಸಮ, ಗೆಣ್ಣುಗಳ ಮೇಲೆ ಕಪ್ಪು. ಶುದ್ಧ ಸಸ್ಯಾಹಾರ. 7 ವರ್ಷದಿಂದ ಮೆಟ್‌ಫಾರ್ಮಿನ್. ರಾತ್ರಿ ಜೋಮು. ಈ ನಾಲ್ಕನ್ನು ಒಂದೇ ಸಾಲಿನಲ್ಲಿ ಬರೆದರೆ ಯಾವ ಡಾಕ್ಟರಿಗೂ ಮೊದಲು ಹೊಳೆಯುವುದು ವಿಟಮಿನ್ ಬಿ12 ಕೊರತೆ. ಈ ವಿಟಮಿನ್ ಸೊಪ್ಪು, ತರಕಾರಿ, ಬೇಳೆಯಲ್ಲಿ ಇಲ್ಲವೆಂದೇ ಹೇಳಬೇಕು. ಮಾಂಸ, ಮೀನು, ಮೊಟ್ಟೆಯಲ್ಲಿದೆ. ಹಾಲು, ಮೊಸರಿನಲ್ಲಿ ಸ್ವಲ್ಪ ಇದೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ, ಬರುವ ಅಷ್ಟಿಷ್ಟೂ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹಾಗಂತ ಮಾತ್ರೆ ನಿಲ್ಲಿಸಬೇಡಿ, ಸಕ್ಕರೆ ಏರಿದರೆ ಅದರ ಗೋಳು ಬೇರೆ.

ಬಿ12 ಕಡಿಮೆಯಾದರೆ ಗೆಣ್ಣು ಕಪ್ಪಾಗುತ್ತದೆ ಅನ್ನುವುದನ್ನು ವೆಲ್ಲೂರಿನ ವೈದ್ಯರು 1963ರಲ್ಲೇ ಬರೆದಿದ್ದರು. ಬೆರಳ ಹಿಂಭಾಗ, ಉಗುರಿನ ಸುತ್ತ, ಕೆಲವರಿಗೆ ಅಂಗೈ ರೇಖೆಗಳಲ್ಲೂ ಕಪ್ಪು ಕೂರುತ್ತದೆ. ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡಿಕೊಳ್ಳಿ. ಒರಟು ಹೋಗಿ ನುಣ್ಣಗೆ, ಕೆಂಪಗೆ ಆಗಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ರಕ್ತ ಪರೀಕ್ಷೆಯಲ್ಲಿ ಬಿ12 ಮಟ್ಟ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ, 200ರಿಂದ 300 ಅಂಚಿನಲ್ಲಿದ್ದ ಹಾಗೆ. ಒಂದು ವಿನಂತಿ: ಪರೀಕ್ಷೆಗೆ ಮೊದಲೇ ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ತಂದು ನುಂಗಬೇಡಿ, ಅಳತೆ ಕೆಡುತ್ತದೆ. ಬರೀ ಫೋಲಿಕ್ ಆಮ್ಲದ ಮಾತ್ರೆಯನ್ನಂತೂ ನಿಮ್ಮಷ್ಟಕ್ಕೇ ತೆಗೆದುಕೊಳ್ಳಬೇಡಿ. ರಕ್ತಹೀನತೆ ಸರಿಹೋದಂತೆ ಕಂಡು, ಒಳಗೆ ನರದ ಹಾನಿ ಮುಂದುವರಿಯಬಹುದು. ಕೊರತೆ ಖಚಿತವಾದರೆ ಇಂಜೆಕ್ಷನ್ ಅಥವಾ ಮಾತ್ರೆಯಲ್ಲೇ ಸರಿಹೋಗುತ್ತದೆ. ಗೆಣ್ಣಿನ ಕಪ್ಪು ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ, ಯಾವ ಕ್ರೀಮೂ ಬೇಡ.

ಜೋಮಿನ ಬಗ್ಗೆ ಇನ್ನೊಂದು ಮಾತು. ಇವತ್ತು ರಾತ್ರಿ ಎಚ್ಚರವಾದಾಗ ಯಾವ ಬೆರಳು ಜೋಮು ಹಿಡಿದಿದೆ ಅಂತ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ, ಕಿರುಬೆರಳಿಗೆ ಏನೂ ಇಲ್ಲ, ಕೈ ಕೊಡವಿದರೆ ಹಾಯೆನ್ನಿಸುತ್ತದೆ ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಿಗೆ ಇದು ಜಾಸ್ತಿ. ಅದು ಬಿಟ್ಟು ಎರಡೂ ಪಾದದಲ್ಲೂ ಜುಮುಜುಮು ಇದ್ದರೆ, ಕತ್ತಲಲ್ಲಿ ನಡೆಯುವಾಗ ತೂರಾಡಿದ ಹಾಗಾದರೆ ಬಿ12 ಅಥವಾ ಸಕ್ಕರೆಯ ನರದ ತೊಂದರೆ. ಗೆಣ್ಣಿನ ಚರ್ಮ ಕಪ್ಪಾಗುವ ಜೊತೆಗೆ ದಪ್ಪವಾಗಿ ಮಖಮಲ್ ಥರ ಆಗಿದ್ದರೆ, ಕತ್ತಿನ ಹಿಂದೆಯೂ ಹಾಗೇ ಇದ್ದರೆ, ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ಇದನ್ನು ಕೈಯಿಂದ ಸವರಿ ನೋಡಿದರೇ ಗೊತ್ತಾಗುತ್ತದೆ.

ಈಗ ಮನೆಯವರ ಭಯ. ತೊನ್ನಿನ ಬಿಳುಪು ಹಾಲಿನಂಥ ಬಿಳುಪು, ಅಂಚು ಸ್ಪಷ್ಟ, ಮುಟ್ಟಿದರೆ ಮಾಮೂಲಿ ಚರ್ಮದ ಹಾಗೇ ಇರುತ್ತದೆ. ಉರಿಯುವುದಿಲ್ಲ, ಒರಟಾಗುವುದಿಲ್ಲ. ನಮ್ಮ ಕ್ಲಿನಿಕ್‌ನಲ್ಲಿ ವುಡ್ಸ್ ಲ್ಯಾಂಪ್ ಅನ್ನುವ ನೇರಳೆ ದೀಪ ಇರುತ್ತದೆ, ಕತ್ತಲೆ ಕೋಣೆಯಲ್ಲಿ ಅದನ್ನು ಹಿಡಿದರೆ ತೊನ್ನು ಸುಣ್ಣದಂತೆ ಹೊಳೆಯುತ್ತದೆ. ನೀವು ಬರೆದ ಮಾಸಲು ಬಿಳುಪು ಹಾಗಿಲ್ಲ ಅನ್ನಿಸುತ್ತದೆ. ತಮಾಷೆ ಏನೆಂದರೆ, ನಿಂಬೆಯಲ್ಲಿರುವ ಫ್ಯೂರೋಕೌಮರಿನ್‌ಗಳ ಕುಟುಂಬದ್ದೇ ಆದ ಸೋರಲೆನ್ ಅನ್ನು ಬಿಸಿಲಿನ ಜೊತೆ ಸೇರಿಸಿ ನಾವು ತೊನ್ನಿಗೆ ಔಷಧಿಯಾಗಿ ಕೊಡುತ್ತೇವೆ. ನಾಟಿ ವೈದ್ಯರು ಕೊಡುವ ಬಾವಂಚಿ ಬೀಜದಲ್ಲಿರುವುದೂ ಅದೇ. ಅಳತೆ ತಪ್ಪಿದರೆ ನಿಮಗಾದ ಹಾಗೇ ಸುಡುತ್ತದೆ.

ನಿಮ್ಮ ಅತ್ತೆ ಹೇಳದೆ ಬಿಟ್ಟದ್ದು ಕುಷ್ಠ ಅಂತ ಭಾವಿಸಿ ಹೇಳುತ್ತೇನೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ, ನಿಮ್ಮದು ಜಾಸ್ತಿಯಾಗಿದೆ. ಮನೆಯಲ್ಲೇ ಪರೀಕ್ಷೆ ಮಾಡಿ. ಕಣ್ಣು ಮುಚ್ಚಿ ಕೂತುಕೊಳ್ಳಿ. ಮಗಳು ಹತ್ತಿಯ ಎಳೆಯ ತುದಿಯಿಂದ ಒಮ್ಮೆ ಮಚ್ಚೆಯ ಮೇಲೆ, ಒಮ್ಮೆ ಪಕ್ಕದಲ್ಲಿ ಮುಟ್ಟಲಿ. ಮುಟ್ಟಿದ ಕಡೆ ನೀವು ಬೆರಳಿಟ್ಟು ತೋರಿಸಿ. ಮಚ್ಚೆಯ ಮೇಲೆ ಮುಟ್ಟಿದ್ದು ಪದೇ ಪದೇ ತಿಳಿಯದಿದ್ದರೆ, ಕಿರುಬೆರಳು ಮರಗಟ್ಟಿ ಮಡಚಿಕೊಳ್ಳುತ್ತಿದ್ದರೆ, ಬಿಸಿ ಪಾತ್ರೆ ಸುಟ್ಟರೂ ಗೊತ್ತಾಗದಿದ್ದರೆ ತಡಮಾಡಬೇಡಿ. ಹಾಗಿದ್ದರೂ ಭೂಮಿ ಬಾಯಿ ಬಿಡುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಕಾಯಿಲೆಯ ಬಗೆ ನೋಡಿ 6 ಅಥವಾ 12 ತಿಂಗಳ ಚಿಕಿತ್ಸೆ, ಪೂರ್ತಿ ವಾಸಿಯಾಗುತ್ತದೆ. ತಡ ಮಾಡಿದರೆ ಮಾತ್ರ ನರ ಹೋಗುತ್ತದೆ, ಹೋದ ನರ ವಾಪಸ್ ಬರುವುದಿಲ್ಲ.

ಇದನ್ನು ಮಂಡ್ಯ ಕಡೆಯವರೂ ಓದುತ್ತಾರೆ, ಅವರ ಕೈಗಳ ಕಥೆ ಬೇರೆ, ಹಾಗಾಗಿ ಸ್ವಲ್ಪ ಆಚೆ ಹೋಗುತ್ತೇನೆ. ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ಹೆಂಗಸರ ಬೆರಳು ದಿನವಿಡೀ ಬಿಸಿನೀರಿನ ತೊಟ್ಟಿಯಲ್ಲಿರುತ್ತದೆ. ಗೂಡಿನ ಅಂಟು ಸೆರಿಸಿನ್ ಅನ್ನುವ ಪ್ರೋಟೀನು, ಕೆಲವರಿಗೆ ಅದೇ ಆಗುವುದಿಲ್ಲ. ಬೆರಳ ತುದಿ ಬೆಳ್ಳಗೆ ಸುಕ್ಕಾಗಿ, ಸೀಳು ಬಿಡುತ್ತದೆ. ಹುಳುಮನೆ ತೊಳೆಯಲು ಬಳಸುವ ಫಾರ್ಮಲಿನ್, ಬ್ಲೀಚಿಂಗ್ ಪುಡಿ, ಸುಣ್ಣ ಇವೂ ಸುಮ್ಮನೆ ಬಿಡುವುದಿಲ್ಲ. ಗದ್ದೆಯಲ್ಲಿ ನಾಟಿ ಮಾಡುವವರಿಗೆ ನಡುಬೆರಳು ಮತ್ತು ಉಂಗುರ ಬೆರಳಿನ ಸಂದಿ ಬೆಳ್ಳಗೆ ಮೆತ್ತಗಾಗಿ ಉರಿಯುವುದು ಒದ್ದೆಯಲ್ಲಿ ಬೆಳೆಯುವ ಈಸ್ಟಿನಿಂದ. ಗಾರೆ ಕೆಲಸದವರಿಗೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಅಲರ್ಜಿ. ಮನೆಯಲ್ಲಿ ಬೆಳ್ಳುಳ್ಳಿ ಸುಲಿಯುವವರಿಗೆ ಎಡಗೈ ಮೂರು ಬೆರಳ ತುದಿ ಮಾತ್ರ ಒರಟಾಗಿ ಸಿಪ್ಪೆ ಏಳುತ್ತದೆ, ಯಾಕೆಂದರೆ ಎಸಳು ಹಿಡಿಯುವುದು ಎಡಗೈ, ಚಾಕು ಬಲಗೈ.

ಖಾಲಿ ಸೈಟು, ಹೊಲದ ಬದುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡವನ್ನು ಮರೆಯುವಂತಿಲ್ಲ. 1950ರ ದಶಕದಲ್ಲಿ ಆಮದು ಗೋಧಿಯ ಜೊತೆ ನಮ್ಮ ದೇಶಕ್ಕೆ ಬಂತು ಎನ್ನಲಾಗುವ ಪಾರ್ಥೇನಿಯಂ ಇದು. ಕಿತ್ತವರ ಕೈಗೆ ಮಾತ್ರವಲ್ಲ, ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಕೂತರೂ ಸಾಕು. ಕೈ ಹಿಂಭಾಗದ ಜೊತೆ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆ ತುರಿಸಿ ಕಪ್ಪಾಗಿ ದಪ್ಪಗಾದರೆ ಇದರ ಮೇಲೆ ಅನುಮಾನ ಪಡಬೇಕು.

ಎಲ್ಲ ಬಣ್ಣವೂ ಕಾಯಿಲೆಯಲ್ಲ. ಒಂದು ಸಲ ತಾಯಿಯೊಬ್ಬರು ಕಾಲೇಜು ಹುಡುಗನನ್ನು ಕರೆತಂದರು. ಎರಡೂ ಅಂಗೈ ನೀಲಿ. ಹೃದಯದ ತೊಂದರೆ ಅಂತ ಬೇರೆ ಕಡೆ ಇಸಿಜಿ ಆಗಿತ್ತು, ಸ್ಕ್ಯಾನ್‌ಗೆ ದಿನ ಗೊತ್ತಾಗಿತ್ತು. ನಾಲಿಗೆ, ತುಟಿ ಕೆಂಪಗೇ ಇದ್ದವು. ಸ್ಪಿರಿಟ್ ಅದ್ದಿದ ಹತ್ತಿಯಿಂದ ಅಂಗೈ ಒರೆಸಿದೆ. ಹತ್ತಿ ನೀಲಿಯಾಯಿತು, ಅಂಗೈ ಬೆಳ್ಳಗಾಯಿತು. ಹೊಸ ಜೀನ್ಸ್ ಪ್ಯಾಂಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ತಿರುಗುವ ಅಭ್ಯಾಸ ಹುಡುಗನದು. ತಾಯಿ ಅಲ್ಲೇ ಅವನ ಬೆನ್ನಿಗೊಂದು ಕೊಟ್ಟರು.

ಅಪರೂಪದವನ್ನು ಬೇಗ ಹೇಳಿ ಮುಗಿಸುತ್ತೇನೆ. ಚಳಿಗೆ ಬೆರಳು ಮೊದಲು ಬೆಳ್ಳಗೆ, ಆಮೇಲೆ ನೀಲಿ, ಕೊನೆಗೆ ಕೆಂಪಾಗಿ ನೋಯುವುದಕ್ಕೆ ರೇನೋ ತೊಂದರೆ ಅನ್ನುತ್ತಾರೆ, ಜೊತೆಗೆ ಬೆರಳ ಚರ್ಮ ಬಿಗಿಯುತ್ತಿದ್ದರೆ ರಕ್ತ ಪರೀಕ್ಷೆ ಬೇಕು. ಗ್ಲೌಸ್ ಹಾಕಿದ ಹಾಗೆ ಕೈ ಹಿಂಭಾಗ ಕಪ್ಪಾಗಿ ಹೆಕ್ಕಳೆ ಏಳುತ್ತಿದ್ದು, ಕುಡಿತ ಇದ್ದರೆ ಅಥವಾ ಟಿಬಿ ಮಾತ್ರೆ ನಡೆಯುತ್ತಿದ್ದರೆ ನಯಾಸಿನ್ ವಿಟಮಿನ್ ಕೊರತೆ. ಅಂಗೈ ರೇಖೆ, ಒಸಡು, ಹಳೆ ಗಾಯದ ಗುರುತು ಎಲ್ಲ ಕಪ್ಪಾಗಿ, ತೂಕ ಇಳಿದು, ಎದ್ದು ನಿಂತರೆ ತಲೆಸುತ್ತು ಬರುತ್ತಿದ್ದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಸೋತಿರಬಹುದು, ಆ ವಾರವೇ ಡಾಕ್ಟರನ್ನು ಕಾಣಬೇಕು. ಬೆರಳು ಇದ್ದಕ್ಕಿದ್ದಂತೆ ತಣ್ಣಗಾಗಿ ನೀಲಿಯಾಗಿ ಸಹಿಸಲಾಗದ ನೋವು ಬಂದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆ.

ನೀವು ಈಗ ಮಾಡಬೇಕಾದ್ದು ಇಷ್ಟು. ನಿಂಬೆ, ಸಕ್ಕರೆ, ಆ ಟ್ಯೂಬ್ ಮೂರನ್ನೂ ಬಿಡಿ. ಉಗುರುಬೆಚ್ಚಗಿನ ನೀರು ಸಾಕು. ಕೈ ಒರೆಸಿದ ತಕ್ಷಣ, ಇನ್ನೂ ಸ್ವಲ್ಪ ತೇವ ಇರುವಾಗಲೇ, ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ, ದಿನಕ್ಕೆ ಐದಾರು ಸಲವಾದರೂ. ಪಾತ್ರೆ ತೊಳೆಯುವಾಗ ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್. ಹತ್ತಿಪ್ಪತ್ತು ನಿಮಿಷಕ್ಕೆ ತೆಗೆಯಿರಿ, ಒಳಗೆ ಬೆವರಿದರೆ ಮತ್ತದೇ ಕಥೆ. ಬರೀ ರಬ್ಬರ್ ಗ್ಲೌಸ್ ಹಾಕಿ ಅದರ ಅಳತೆಗೇ ಕೈ ಬೆಳ್ಳಗಾಗತೊಡಗಿದರೆ ನಿಲ್ಲಿಸಿ. ಅಮೆರಿಕದ ಚರ್ಮ ಹದ ಮಾಡುವ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಇಂಥದ್ದು 1939ರಲ್ಲೇ ವರದಿಯಾಗಿತ್ತು, ರಬ್ಬರಿಗೆ ಹಾಕಿದ್ದ ರಾಸಾಯನಿಕವೊಂದು ಕಾರಣ. ಉಂಗುರವನ್ನು ಸದ್ಯಕ್ಕೆ ತೆಗೆದಿಡಿ, ಅದರ ಅಡಿ ಸೋಪು ಕೂತಿರುತ್ತದೆ. ಸ್ಕೂಟರ್ ಓಡಿಸುವವರಾದರೆ ಹ್ಯಾಂಡಲ್ ಮೇಲಿನ ಕೈಗೆ ಇಡೀ ದಾರಿ ಬಿಸಿಲು ಬೀಳುತ್ತದೆ, ನಮ್ಮೂರ ಹುಡುಗಿಯರು ಹಾಕುವ ಉದ್ದ ಬಟ್ಟೆಯ ಗ್ಲೌಸ್ ಇದಕ್ಕೆ ಚೆನ್ನ. ಸನ್‌ಸ್ಕ್ರೀನ್ ಕೊಳ್ಳುವುದಾದರೆ ಎಸ್‌ಪಿಎಫ್ 30 ಅಥವಾ ಮೇಲಿನದು, ಯುವಿ-ಎ ತಡೆಯುತ್ತದೆ ಅಂತ ಬರೆದಿರಬೇಕು.

ಡಾಕ್ಟರ ಹತ್ತಿರ ಹೋಗುವಾಗ ಹಚ್ಚಿದ ಟ್ಯೂಬ್, ನುಂಗುವ ಮಾತ್ರೆ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೊಬೈಲ್‌ನಲ್ಲಿ ಮೊದಲ ವಾರದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಕೈಗೆ ಎಣ್ಣೆ, ಅರಿಶಿನ ಹಚ್ಚಿಕೊಂಡು ಹೋಗಬೇಡಿ, ನಮಗೆ ಬಣ್ಣ ಕಾಣುವುದಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದವರಾದರೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಚರ್ಮದ ವಿಭಾಗಗಳಿವೆ. ಬಿ12, ಹಿಮೋಗ್ಲೋಬಿನ್, ಥೈರಾಯ್ಡ್, ಮೂರು ತಿಂಗಳ ಸಕ್ಕರೆಯ ಸರಾಸರಿ ಇಷ್ಟು ರಕ್ತ ಪರೀಕ್ಷೆ ಸದ್ಯಕ್ಕೆ ಸಾಕು ಅನ್ನಿಸುತ್ತದೆ. ಆರೈಕೆ ಮಾಡಿಯೂ ಉರಿ ಒಂದು ತಿಂಗಳಲ್ಲಿ ಇಳಿಯದಿದ್ದರೆ ಪ್ಯಾಚ್ ಟೆಸ್ಟ್ ಮಾಡಬಹುದು. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, 48 ಗಂಟೆ ನೀರು ತಾಗಿಸದೆ ಇಟ್ಟು, ತೆಗೆದು ನೋಡಿ, ಇನ್ನೊಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಆಗ ನಿಕಲ್, ಸುಗಂಧ, ರಬ್ಬರ್, ಯಾವುದಕ್ಕೆ ಅಲರ್ಜಿ ಅನ್ನುವುದು ಗೊತ್ತಾಗುತ್ತದೆ.

ಇನ್ನು ನಿಶ್ಚಿತಾರ್ಥ. ಒಂದೂವರೆ ತಿಂಗಳಲ್ಲಿ ಉರಿ, ಒರಟುತನ ಪೂರ್ತಿ ಹೋಗಬೇಕು. ಬಣ್ಣ ಕೆಳಪದರಕ್ಕೆ ಇಳಿಯದಿದ್ದರೆ ಗೆರೆಗಳು ಸಾಕಷ್ಟು ಮಾಸಿರುತ್ತವೆ, ಹತ್ತಿರ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು ಉಳಿಯಬಹುದು. ಗೆಣ್ಣು ಇನ್ನೂ ಸ್ವಲ್ಪ ಸಮಯ ಕೇಳುತ್ತದೆ. ಮೆಹಂದಿ ಹಾಕಿಸಬಹುದು, ಆದರೆ ಚರ್ಮ ಎಲ್ಲೂ ಸೀಳಿರಬಾರದು, ಮತ್ತು ಅದು ಗೋರಂಟಿ ಸೊಪ್ಪಿನದೇ ಆಗಿರಬೇಕು. ಅರ್ಧ ಗಂಟೆಯಲ್ಲಿ ಕಡುಕಪ್ಪು ಬಣ್ಣ ಬರುತ್ತದೆ ಅನ್ನುವ ಕೋನ್ ಬೇಡವೇ ಬೇಡ. ಅದರಲ್ಲಿ ತಲೆಗೂದಲ ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಬೆರೆಸಿರಬಹುದು, ಒಮ್ಮೆ ಅದಕ್ಕೆ ಅಲರ್ಜಿಯಾದರೆ ಜೀವಮಾನವಿಡೀ ಕೂದಲಿಗೂ ಅದಿರುವ ಡೈ ಹಚ್ಚುವಂತಿಲ್ಲ. ಗೋರಂಟಿ ಬಣ್ಣ ಗಾಢವಾಗಲಿ ಅಂತ ಅದರ ಮೇಲೆ ನಿಂಬೆರಸ, ಸಕ್ಕರೆ ಪಾಕ ಸವರುತ್ತಾರೆ. ಅಮ್ಮಾ, ಅದನ್ನು ಮಾತ್ರ ಈ ಸಲ ಮಗಳ ಕೈಗೂ ಬೇಡ ಅನ್ನಿ. ಸವರಿಯೇ ಬಿಟ್ಟರೆ, ತೊಳೆಯುವವರೆಗೆ ಇಬ್ಬರೂ ಬಿಸಿಲಿಗೆ ಹೋಗಬೇಡಿ.